ಅಮಾವಾಸ್ಯೆಯ ಚಂದ್ರನನ್ನು ಕಂಡ ಸಂಜೆ

ಇಂದು, 2022ರ ಅಕ್ಟೋಬರ್ 25ರ ಸಂಜೆ, ಬೆಂಗಳೂರಿನ ನಮ್ಮ ಮನೆಯ ತಾರಸಿಯಿಂದ ಪಾರ್ಶ್ವ ಸೂರ್ಯಗ್ರಹಣವನ್ನು ನೋಡಿದೆವು. ಗ್ರಹಣ ಮುಗಿಯುವ ಮೊದಲೇ ಸೂರ್ಯ ಮುಳುಗುವವನಿದ್ದುದರಿಂದ ನಮ್ಮ ಪಾಲಿಗೆ ದಕ್ಕಿದ್ದು ಮುಕ್ಕಾಲು ಗಂಟೆಗೂ ಕಡಿಮೆ.

ಗ್ರಹಣದ ಕನ್ನಡಕ ಹಾಕಿಕೊಂಡ ಕೂಡಲೇ ಕಟ್ಟಡಗಳು, ತಂತಿಗಳು, ನೀರಿನ ಟ್ಯಾಂಕುಗಳು ಎಲ್ಲವೂ ಮಾಯವಾಗಿ, ಯಾರೋ ಅಂಚು ಮುರಿದುಕೊಂಡ ದೋಸೆಯಂಥ ಕಿತ್ತಳೆ ಬಿಲ್ಲೆಯೊಂದೇ ಉಳಿಯಿತು. ಇಲ್ಲಿ ಮರೆಯಾದದ್ದು ಹೆಚ್ಚುಕಡಿಮೆ ಹತ್ತರಲ್ಲೊಂದು ಭಾಗ ಮಾತ್ರ. ಬೆಳಕು ಕುಂದಲಿಲ್ಲ, ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ಏನೂ ತಿಳಿಯುವಂತಿರಲಿಲ್ಲ. ಇಳಿಹೊತ್ತಿನ ಕೆಂಪು ಸೂರ್ಯ ಬರಿಗಣ್ಣಿಗೆ ಸೌಮ್ಯವಾಗಿ ಕಂಡರೂ ಅಪಾಯ ತಪ್ಪಿದ್ದಲ್ಲವಾದ್ದರಿಂದ, ಮಕ್ಕಳಿಗೆ ಕನ್ನಡಕ ತೆಗೆಯಗೊಡಲಿಲ್ಲ.

ಅಮಾವಾಸ್ಯೆಯ ಚಂದ್ರನನ್ನು ನಾವು ಪಂಚಾಂಗದಲ್ಲಿ ಓದಿ ಒಪ್ಪಿಕೊಳ್ಳುತ್ತೇವೆಯೇ ಹೊರತು ಕಣ್ಣಾರೆ ಕಾಣುವುದಿಲ್ಲ. ದೀಪಾವಳಿಯ ಈ ಅಮಾವಾಸ್ಯೆಯಂದು ಅವನು ಸೂರ್ಯನ ಬಲ ಅಂಚಿನಲ್ಲಿ ಕಪ್ಪು ಕಮಾನಾಗಿ, ಹಾಡಹಗಲೇ, ತನ್ನ ಇರವನ್ನು ತೋರಿಸಿದ್ದು ನನಗೆ ಗ್ರಹಣಕ್ಕಿಂತಲೂ ದೊಡ್ಡ ಸಂಗತಿಯೆನಿಸಿತು.

ಭಾರತಕ್ಕೆ ಮುಂದಿನ ಸೂರ್ಯಗ್ರಹಣ 2027ರ ಆಗಸ್ಟ್ 2ರಂದು. ಆಗ ಮಳೆಗಾಲ, ಮೋಡ ಕರುಣಿಸಿದರೆ ಬನ್ನಿ, ಕನ್ನಡಕಗಳನ್ನು ಜೋಪಾನವಾಗಿ ಎತ್ತಿಟ್ಟಿರುತ್ತೇನೆ.