ಸೂರು ಹೋದ ಮೇಲೆ: ಬೆಡ್‌ಫರ್ಡ್‌ಶೈರ್‌ನಲ್ಲೊಂದು ನಡಿಗೆ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ರೈಲು ಹತ್ತಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಬೆಡ್‌ಫರ್ಡ್. ಅಲ್ಲಿಂದ ಬಸ್ಸಿನಲ್ಲಿ ಆಂಪ್ಟ್‌ಹಿಲ್. ಊರಾಚೆ ಗುಡ್ಡದ ಮೇಲೆ ಹೌಟನ್ ಹೌಸ್ ಅನ್ನುವ ಹಾಳು ಬಂಗಲೆ ಇದೆ. ಟಿಕೆಟ್ ಇಲ್ಲ, ಸುಮ್ನೆ ಒಳಗೆ ಹೋಗಬಹುದು.

1615ರ ಸುಮಾರಿಗೆ ಪೆಂಬ್ರೋಕ್‌ನ ಕೌಂಟೆಸ್ ಮೇರಿಗಾಗಿ ಕಟ್ಟಿದ ಮನೆ ಇದು. 1794ರಲ್ಲಿ ಬೆಡ್‌ಫರ್ಡ್‌ನ ಡ್ಯೂಕ್ ಒಳಗಿನ ಸಾಮಾನೆಲ್ಲ ಸಾಗಿಸಿ, ಚಾವಣಿಯನ್ನೂ ಬಿಚ್ಚಿಸಿದ. ಈಗ ಉಳಿದಿರುವುದು ಇಟ್ಟಿಗೆ ಗೋಡೆ ಮತ್ತು ಕಲ್ಲಿನ ಕಿಟಕಿ ಚೌಕಟ್ಟು. ಮಲೆನಾಡಿನಲ್ಲಿ ಹಂಚು ಇಳಿಸಿದ ಮಣ್ಣಿನ ಮನೆ ಒಂದೆರಡು ಮಳೆಗಾಲದಲ್ಲಿ ಏನಾಗುತ್ತದೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಡ್ಡ ಇಳಿದು ಹೊಲಗಳ ನಡುವೆ ನಡೆದರೆ ಹೌಟನ್ ಕಾಂಕ್ವೆಸ್ಟ್ ಹಳ್ಳಿ. ನಾನು ಹೊರಟಿದ್ದು ಇಲ್ಲಿನ ಆಲ್ ಸೇಂಟ್ಸ್ ಚರ್ಚ್ ನೋಡಲು. ಹಳ್ಳಿಯ ಅಳತೆಗೆ ಬಹಳ ದೊಡ್ಡ ಕಟ್ಟಡ. ಒಳಗೆ ಗೋಡೆಯ ಗಾರೆಯ ಮೇಲೆ ಮಧ್ಯಯುಗದ ಚಿತ್ರಗಳಿವೆ. 2018ರಲ್ಲಿ ಈ ಚರ್ಚ್‌ನ ಚಾವಣಿಯಿಂದ ಕಳ್ಳರು ಸುಮಾರು 20 ಟನ್ ಸೀಸ ಹೊತ್ತೊಯ್ದರು. ಸರಿಪಡಿಸಲು 4 ಲಕ್ಷ ಪೌಂಡ್ ಬೇಕು ಅಂತ ಅಂದಾಜಾಯಿತು. ಗಾರೆಗೆ ನೀರು ಇಳಿದರೆ ಚಿತ್ರದ ಗತಿ ಏನು? ಅದನ್ನು ನೋಡುತ್ತಾ ನಿಂತಾಗ ನನಗೆ ಸಿಟ್ಟು ಬಂದದ್ದು ನಿಜ.

ಸೀಸವನ್ನೇ ಯಾಕೆ ಕದಿಯುತ್ತಾರೆ? ಅದು ಮೆತ್ತಗಿನ ಲೋಹ. ಮರದ ಹಲಗೆಗಳ ಮೇಲೆ ಹೊದಿಸಿದ ಹಾಳೆಯನ್ನು ಕತ್ತರಿಸಿ, ಸುರುಳಿ ಸುತ್ತಿ ಕೆಳಗೆ ಎಸೆಯಬಹುದು. ಮೂರು ಮಿಲಿಮೀಟರ್ ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 35 ಕೆ.ಜಿ. ತೂಗುತ್ತದೆ. ಗುಜರಿಯಲ್ಲಿ ತೂಕಕ್ಕೆ ತಕ್ಕ ದುಡ್ಡು. 327 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗಿಬಿಡುತ್ತದೆ. ಕರಗಿದ ಮೇಲೆ ಅದು ಯಾವ ಊರಿನದು ಅಂತ ಹೇಳುವವರು ಯಾರು? ಹಳ್ಳಿ ಚರ್ಚ್‌ಗಳ ಅಕ್ಕಪಕ್ಕ ಮನೆಗಳೂ ಕಡಿಮೆ. ಎಷ್ಟೋ ಕಡೆ ಕಳ್ಳತನ ಗೊತ್ತಾಗುವುದೇ ಮುಂದಿನ ಮಳೆಗೆ, ಒಳಗೆ ನೀರು ತೊಟ್ಟಿಕ್ಕಿದಾಗ.

ಹೋಗುವುದು ಲೋಹ ಮಾತ್ರ ಅಲ್ಲ. ಹಿಂದೊಮ್ಮೆ ಬೇರೊಂದು ಊರಿನ ಚರ್ಚ್‌ನಲ್ಲಿ ಗೋಪುರ ಹತ್ತಲು ಬಿಟ್ಟಿದ್ದರು. ಮೇಲಿನ ಸೀಸದ ಹಾಳೆಯಲ್ಲಿ ಒಂದು ಬೂಟಿನ ಅಚ್ಚು ಕಂಡಿತು. ಯಾರೋ ಕೆಲಸದವನು ಕಾಲಿಟ್ಟು, ಸುತ್ತ ಮೊಳೆಯಿಂದ ಗೀರಿ, ಒಳಗೆ ತನ್ನ ಹೆಸರಿನ ಎರಡಕ್ಷರ ಕೆತ್ತಿದ್ದ. ಬೂಟಿನ ಮುಂಭಾಗ ಚೌಕವಾಗಿತ್ತು. ಇಂಥ ಗುರುತುಗಳು ಇಂಗ್ಲೆಂಡಿನ ಹಳೆಯ ಚಾವಣಿಗಳಲ್ಲಿ ಬೇಕಾದಷ್ಟಿವೆ. ಕುಲುಮೆಗೆ ಬಿದ್ದರೆ ಆ ಮನುಷ್ಯನ ಗುರುತು ಅಲ್ಲಿಗೆ ಮುಗಿಯಿತು.

ಚರ್ಚ್ ಆಫ್ ಇಂಗ್ಲೆಂಡ್‌ನ ಚರ್ಚ್ ಕಟ್ಟಡಗಳು ಸುಮಾರು 16,000. ರಿಪೇರಿ ಮಾತ್ರ ಆಯಾ ಊರಿನವರ ತಲೆಯ ಮೇಲೆ. ಭಾನುವಾರ ಇಪ್ಪತ್ತು-ಮೂವತ್ತು ಜನ ಸೇರುವ ಕಡೆ ಲಕ್ಷಗಟ್ಟಲೆ ಪೌಂಡ್ ಎಲ್ಲಿಂದ ತರುವುದು? ವಿಮೆಯೂ ಒಂದು ಮಿತಿಯವರೆಗೆ ಮಾತ್ರ. ಕಾನೂನೂ ಬಿಗಿಯಾಗಿದೆ ಅನ್ನಿ. 2013ರ ಗುಜರಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗೆ ಲೈಸೆನ್ಸ್ ಇರಬೇಕು, ಮಾರುವವನ ಗುರುತು ಪರಿಶೀಲಿಸಬೇಕು, ನಗದು ಕೊಡುವಂತಿಲ್ಲ. ಆದರೂ 2018ರಿಂದ 2020ರವರೆಗೆ ಒಂದೇ ಗ್ಯಾಂಗ್ ಊರೂರು ಸುತ್ತಿ 30ಕ್ಕೂ ಹೆಚ್ಚು ಚರ್ಚ್‌ಗಳ ಚಾವಣಿ ಕಿತ್ತಿತ್ತು. 2021ರಲ್ಲಿ ನಾಲ್ವರಿಗೆ ಜೈಲಾಯಿತು.

ಕಳುವಾದ ಕಡೆ ಮತ್ತೆ ಸೀಸವನ್ನೇ ಹಾಕಬೇಕೋ ಬೇಡವೋ ಅನ್ನುವುದು ಅಲ್ಲಿ ದೊಡ್ಡ ಚರ್ಚೆ. ಹಾಕಿದರೆ ಕಳ್ಳರು ಇನ್ನೊಮ್ಮೆ ಬರುತ್ತಾರೆ, ಬಂದದ್ದೂ ಇದೆ. ಲೇಪನ ಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಬಳಸಲು ಎಷ್ಟೋ ಕಡೆ ಒಪ್ಪಿಗೆ ಸಿಕ್ಕಿದೆ. ಬಣ್ಣ ನಿಧಾನವಾಗಿ ಬೂದಿಗೆ ತಿರುಗುತ್ತದೆ, ಗುಜರಿಯಲ್ಲಿ ಬೆಲೆ ಕಡಿಮೆ. ಹಳೆಯ ಕಟ್ಟಡಕ್ಕೆ ಹಳೆಯ ಲೋಹವೇ ಚೆಂದ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಅದೇ ದಿನ ಹೌಟನ್ ಹೌಸ್ ನೋಡಿ ಬಂದವನು ನಾನು. ನನ್ನ ಓಟು ಸ್ಟೀಲಿಗೇ.