ನೇರ ಗೆರೆಯ ಕೆಳಗೆ ಮುಚ್ಚಿಹೋದ ಮೂಟೆಗಳು

ಜಾಲದ ಚಿತ್ರದಲ್ಲಿ ಎರಡು ನೋಡ್‌ಗಳ (ವೃತ್ತಗಳ) ನಡುವೆ ಹೋಗುವುದೂ ಬರುವುದೂ ಇದ್ದರೆ ನೇರ ಗೆರೆ ಎಳೆಯಬಾರದು. ಈ ಮಾತನ್ನು ಈಗ ನಮ್ಮ ಪ್ರತಿ ವಿನ್ಯಾಸ ಸಭೆಯಲ್ಲೂ ಹೇಳುತ್ತೇನೆ, ಕೇಳುವವರಿಗೆ ಬೇಸರವಾದರೂ ಹೇಳುತ್ತೇನೆ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದಮಾಡುವ) ಕಚೇರಿಯಲ್ಲಿ ನಡೆದ ಡೆಮೊ ಅದಕ್ಕೆ ಕಾರಣ.

ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ತಂದ ಮೇಲೆ ಕಾಫಿ ರಫ್ತುದಾರರಿಗೆ ಹೊಸ ಚಿಂತೆ ಹತ್ತಿಕೊಂಡಿದೆ: ಯಾವ ಮೂಟೆ ಯಾವ ತೋಟದ್ದು? ನಾವು ಮಾಡುತ್ತಿದ್ದದ್ದು ಅದನ್ನು ತೋರಿಸುವ ಪರದೆ. ನಾಪೋಕ್ಲು, ಸಿದ್ದಾಪುರ, ಸುಂಟಿಕೊಪ್ಪದ ಕಡೆಯ ತೋಟಗಳು, ವ್ಯಾಪಾರಿಗಳು, ಗೋದಾಮುಗಳು, ಕ್ಯೂರಿಂಗ್ ಎಲ್ಲವೂ ನೋಡ್‌ಗಳು. ಮೂಟೆ ಸಾಗಿದ ದಾರಿ ಎಡ್ಜ್, ಅಂದರೆ ಗೆರೆ. ನೋಡ್‌ಗಳನ್ನು ತಳ್ಳಿ ಎಳೆದು ತಾನಾಗಿಯೇ ಜೋಡಿಸಲು ಡಿ3 ಎಂಬ ಲೈಬ್ರರಿಯ ಫೋರ್ಸ್ ಸಿಮ್ಯುಲೇಶನ್, ಬ್ರೌಸರ್‌ನಲ್ಲಿ ಚಿತ್ರ ಬರೆಯಲು ಎಸ್‌ವಿಜಿ. ಎಡ್ಜ್‌ಗಳನ್ನು ಬಾಗಿಸುವ ಟಿಕೆಟ್ (ಕೆಲಸದ ಪಟ್ಟಿಯ ನಮೂದು) ಮೊದಲ ಸ್ಪ್ರಿಂಟ್‌ನಲ್ಲೇ, ಅಂದರೆ ಕೆಲಸದ ಮೊದಲ ಸುತ್ತಿನಲ್ಲೇ ಇತ್ತು. ಮ್ಯಾನೇಜರ್, "ಅಲಂಕಾರವನ್ನು ಆಮೇಲೆ ನೋಡೋಣ" ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಾಗಿದ ಗೆರೆ ಕಣ್ಣಿಗೆ ಚೆನ್ನ, ಅಷ್ಟೇ ಎಂದು ಬಗೆದು ತಲೆಯಾಡಿಸಿದೆ. ಸ್ಟೇಜಿಂಗ್‌ನಲ್ಲಿದ್ದ (ಪ್ರಯೋಗದ ಸರ್ವರ್‌ನಲ್ಲಿದ್ದ) ಮಾದರಿ ದತ್ತಾಂಶದಲ್ಲಿ ಮೂಟೆಗಳು ತೋಟದಿಂದ ಕ್ಯೂರಿಂಗ್‌ಗೆ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದವು. ಹಾಗಾಗಿ ಏನೂ ಕಾಣಲಿಲ್ಲ.

ಡೆಮೊ ದಿನ ರೊಬಸ್ಟಾ ಕೊಯ್ಲಿನ ನಿಜವಾದ ಲೆಕ್ಕ ತುಂಬಿದ್ದೆವು. ರಫ್ತು ಸಂಸ್ಥೆಯವರ ಜೊತೆಗೆ, ಬಹುಕಾಲದಿಂದ ಲೆಕ್ಕದ ಪುಸ್ತಕ ಬರೆಯುತ್ತಿರುವ ಒಬ್ಬ ರೈಟರ್ (ಗುಮಾಸ್ತ) ಕೂಡ ಬಂದು ಕುಳಿತಿದ್ದರು. ಸಿದ್ದಾಪುರದ ವ್ಯಾಪಾರಿಗೂ ಕ್ಯೂರಿಂಗ್‌ಗೂ ನಡುವಿನ ಗೆರೆಯನ್ನು ಒತ್ತಿದೆ. ಒಳಬಂದ ಚೆರ್ರಿ ಮೂಟೆಗಳ ಸಂಖ್ಯೆ ಬಂತು. ರೈಟರ್ ಕನ್ನಡಕ ಸರಿಪಡಿಸಿಕೊಂಡು, "ಮೇಡಂ, ಹಲ್ಲಿಂಗ್ ಆಗಿ, ಸಿಪ್ಪೆ ತೆಗೆದು, ಅದೇ ವ್ಯಾಪಾರಿಗೆ ವಾಪಸ್ಸು ಕೊಟ್ಟ ಮೂಟೆಗಳು ಎಲ್ಲಿ? ನನ್ನ ಪುಸ್ತಕದಲ್ಲಿ ಇವೆಯಲ್ಲ" ಎಂದರು.

ದತ್ತಾಂಶದಲ್ಲಿಯೂ ಇದ್ದವು. ಪರದೆಯ ಮೇಲೆ ಮಾತ್ರ ಇರಲಿಲ್ಲ. ಹೋಗುವ ಗೆರೆಯೂ ಬರುವ ಗೆರೆಯೂ ಒಂದರ ಮೇಲೊಂದು ಕರಾರುವಾಕ್ಕಾಗಿ ಬಿದ್ದಿದ್ದವು. ಎಸ್‌ವಿಜಿಯಲ್ಲಿ ಕೊನೆಗೆ ಬರೆದದ್ದು ಮೇಲೆ ಕೂರುತ್ತದೆ, ಒತ್ತಿದಾಗ ಸಿಗುವುದೂ ಅದೇ. ಬಾಣದ ತುದಿಗಳಾದರೂ ಎರಡು ದಿಕ್ಕನ್ನು ತೋರಿಸಬಹುದಿತ್ತು, ಆದರೆ ಅವು ನೋಡ್‌ನ ವೃತ್ತದ ಕೆಳಗೆ ಹುದುಗಿದ್ದವು. ಮೂಲ ಪತ್ತೆಹಚ್ಚುವ ಪರದೆಯಲ್ಲಿ ಮೂಟೆ ಕಾಣೆಯಾಯಿತೆಂದರೆ ಹೊರಗಿನ ಕಾಫಿ ಬೆರೆತಿದೆಯೇ ಎಂಬ ಅನುಮಾನ ಹುಟ್ಟುತ್ತದೆ. ರಫ್ತು ಸಂಸ್ಥೆಯವರು ಪರಸ್ಪರ ಮುಖ ನೋಡಿಕೊಂಡರು.

ಅರ್ಧ ಬರೆದಿಟ್ಟ ಬಾಗು ಗೆರೆಯ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಪ್ರತಿ) ನನ್ನ ಲ್ಯಾಪ್‌ಟಾಪ್‌ನಲ್ಲೇ ಇತ್ತು. ಮ್ಯಾನೇಜರ್ ಕಿವಿಯ ಬಳಿ, "ಅದನ್ನೇ ಹಾಕಿಬಿಡಿ" ಎಂದರು. ಹಾಕಿದೆ. ಎಲ್ಲ ಗೆರೆಗಳೂ ಬಾಗಿದವು. ವ್ಯಾಪಾರಿಗೂ ಕ್ಯೂರಿಂಗ್‌ಗೂ ನಡುವೆ ಮಾತ್ರ ಮತ್ತೆ ಒಂದೇ ಗೆರೆ.

ಆ ನಿಮಿಷಗಳು ಇನ್ನೂ ಚುಚ್ಚುತ್ತವೆ. ಕಾರಣ ಹೀಗಿತ್ತು. ಎ-ಯಿಂದ ಬಿ-ಗೆ ಹೋಗುವ ದಿಕ್ಕು (ಡಿಎಕ್ಸ್, ಡಿವೈ), ಅಂದರೆ ಅಡ್ಡ ಮತ್ತು ಲಂಬ ಅಂತರಗಳು, ಆದರೆ ಅದಕ್ಕೆ ಲಂಬ (-ಡಿವೈ, ಡಿಎಕ್ಸ್). ಗೆರೆಯ ನಡುಬಿಂದುವಿನಿಂದ ಆ ಲಂಬದತ್ತ ಸರಿಸಿ ಬೆಜಿಯೆ ವಕ್ರರೇಖೆಯ ನಿಯಂತ್ರಣ ಬಿಂದುವನ್ನು, ಅಂದರೆ ಗೆರೆಯನ್ನು ತನ್ನತ್ತ ಎಳೆದು ಬಾಗಿಸುವ ಬಿಂದುವನ್ನು, ಇಡುತ್ತೇವೆ. ಬಿ-ಯಿಂದ ಎ-ಗೆ ಬರುವಾಗ ಎರಡೂ ಚಿಹ್ನೆಗಳು ತಿರುಗುವುದರಿಂದ ಲಂಬವೂ ತಾನಾಗಿಯೇ ಆಚೆ ಬದಿಗೆ ಹೊರಳುತ್ತದೆ. ಎರಡಕ್ಕೂ ಒಂದೇ ಬಾಗು ಕೊಟ್ಟರೆ ಸಾಕು, ಗೆರೆಗಳು ಬೇರೆಬೇರೆಯಾಗುತ್ತವೆ. ನಮ್ಮ ಕೋಡ್ ಮಾತ್ರ ಅತಿ ಎಚ್ಚರಿಕೆಯಿಂದ ಮರಳುವ ಎಡ್ಜ್‌ನ ಬಾಗಿಗೆ ಇನ್ನೊಂದು ಋಣ ಚಿಹ್ನೆ ಹಾಕಿತ್ತು. ತಿರುಗಿದ್ದು ಮತ್ತೆ ತಿರುಗಿ ಎರಡೂ ಒಂದೇ ಬದಿಗೆ ಬಿದ್ದಿದ್ದವು.

ಚಿಹ್ನೆ ಅಳಿಸಿ ಪುಟವನ್ನು ಮತ್ತೆ ತೆರೆದೆ. ಎಳೆದು ಜೋಡಿಸಿಟ್ಟಿದ್ದ ನೋಡ್‌ಗಳೆಲ್ಲ ಚೆದುರಿ, ಸಿಮ್ಯುಲೇಶನ್ ತನ್ನ ಪೂರ್ವನಿಗದಿತ 300 ಸುತ್ತುಗಳನ್ನು ಮೊದಲಿನಿಂದ ಶುರುಮಾಡಿತು. ಅದು ತಣ್ಣಗಾಗುವವರೆಗೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಎರಡು ನೋಡ್‌ಗಳ ನಡುವೆ ಬಿದಿರೆಲೆಯಂತೆ ಎರಡು ಗೆರೆ ತೆರೆದುಕೊಂಡವು. ರೈಟರ್ ಎದ್ದು ಬಂದು, ಕೆಳಗಿನ ಗೆರೆಯ ಸಂಖ್ಯೆ ಓದಿ, ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಆ ಪರದೆಯನ್ನು ನಿಜವಾಗಿ ಪರೀಕ್ಷಿಸಿದವರು ಅವರೊಬ್ಬರೇ. ಮಾದರಿ ದತ್ತಾಂಶ ಬರೆಯುವಾಗ ಇಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ನಮ್ಮ ಆಡಳಿತ ಇವತ್ತಿಗೂ ಸಮಯ ಕೊಡುವುದಿಲ್ಲ.

ಸಂಖ್ಯೆಗಳ ಜಾಗವೂ ತಪ್ಪಿತ್ತು. ಒಂದೇ ನಿಯಂತ್ರಣ ಬಿಂದುವಿನ ವಕ್ರರೇಖೆ ಆ ಬಿಂದುವಿನ ಅರ್ಧ ಎತ್ತರಕ್ಕಷ್ಟೇ ಏರುತ್ತದೆ. ಸಂಖ್ಯೆಯನ್ನು ಬಿಂದುವಿನ ಮೇಲೆಯೇ ಇಟ್ಟರೆ ಅದು ಗೆರೆಯಿಂದ ದೂರ ತೇಲಿ ಪಕ್ಕದ ಎಡ್ಜ್‌ನದ್ದೆಂದು ಕಾಣುತ್ತದೆ. ಎರಡು ತುದಿಗಳ ಕಾಲು ಕಾಲು ಪಾಲು, ನಿಯಂತ್ರಣ ಬಿಂದುವಿನ ಅರ್ಧ ಪಾಲು ಕೂಡಿಸಿದರೆ ಗೆರೆಯ ನಡು ಸಿಗುತ್ತದೆ. ಇನ್ನು ಪಾಥ್‌ಗೆ (ಎಸ್‌ವಿಜಿಯಲ್ಲಿ ಬಾಗಿದ ಗೆರೆಗೆ) ಫಿಲ್, ಅಂದರೆ ಒಳಬಣ್ಣ, ಬೇಡ ಎಂದು ಹೇಳದಿದ್ದರೆ ಬಾಗಿನ ಹೊಟ್ಟೆಯೆಲ್ಲ ಕಪ್ಪಾಗುತ್ತದೆ. ಒತ್ತಲು ಸುಲಭವಾಗಲೆಂದು ಅದೇ ಪಾಥ್‌ನ ದಪ್ಪನೆಯ ಪಾರದರ್ಶಕ ಪ್ರತಿಯೊಂದನ್ನು ಮೇಲೆ ಇಟ್ಟೆವು.

ಡೆಮೊ ಮುಗಿದ ಮೇಲೆ ಮ್ಯಾನೇಜರ್ ಲೈಬ್ರರಿಯನ್ನೇ ಬದಲಾಯಿಸೋಣ ಎಂದರು. ವಿಸ್-ನೆಟ್‌ವರ್ಕ್ ಎಂಬ ಇನ್ನೊಂದು ಲೈಬ್ರರಿಯಲ್ಲಿ ಗೆರೆ ತಾನಾಗಿಯೇ ಬಾಗುತ್ತದೆ ಎಂಬುದು ಅವರ ವಾದ. ಬಾಗುವುದು ನಿಜ. ಆದರೆ ಅದರ 'ಡೈನಾಮಿಕ್' ಬಗೆಯಲ್ಲಿ ಪ್ರತಿ ಎಡ್ಜ್‌ಗೂ ಕಣ್ಣಿಗೆ ಕಾಣದ ಒಂದು ನೋಡ್ ಸೇರಿ, ಅದೂ ಭೌತಿಕ ಲೆಕ್ಕದಲ್ಲಿ ಪಾಲ್ಗೊಳ್ಳುತ್ತದೆ. ಗೋದಾಮಿನ ಹಳೆಯ ಕಂಪ್ಯೂಟರ್‌ಗಳಲ್ಲಿ ಇಡೀ ಕೊಯ್ಲಿನ ಎಡ್ಜ್‌ಗಳನ್ನು ಹಾಗೆ ಓಡಿಸಲು ನಾನು ಒಪ್ಪಲಿಲ್ಲ.

ಉಳಿದಿರುವುದು ಗೋದಾಮಿನೊಳಗೇ ಮೂಟೆ ಬದಲಾಯಿಸಿ ತುಂಬಿದ ದಾಖಲೆಗಳು. ಅಲ್ಲಿ ಎರಡೂ ತುದಿ ಒಂದೇ ನೋಡ್, ಉದ್ದ ಸೊನ್ನೆ. ಲಂಬವನ್ನು ಗೆರೆಯ ಉದ್ದದಿಂದ ಭಾಗಿಸುವಾಗ ಸೊನ್ನೆಯಿಂದ ಭಾಗಿಸಿದಂತಾಗಿ ಸಂಖ್ಯೆಯೇ ಅಲ್ಲದ ಉತ್ತರ ಬಂದು ಗೆರೆ ಮಾಯವಾಗುತ್ತದೆ, ಕನ್ಸೋಲ್ (ಬ್ರೌಸರ್‌ನ ದೋಷ ಪಟ್ಟಿ) ಬಿಟ್ಟು ಬೇರೆಲ್ಲೂ ದೂರು ಕಾಣುವುದಿಲ್ಲ. ಎರಡು ನಿಯಂತ್ರಣ ಬಿಂದುಗಳಿಂದ ಕುಣಿಕೆ ಬರೆಯಬೇಕು. ಆ ಟಿಕೆಟ್‌ಗೆ ಮತ್ತೆ ಕಡಿಮೆ ಆದ್ಯತೆ ಬಿದ್ದಿದೆ. ಅದು ಮುಗಿಯುವವರೆಗೆ ಗೋದಾಮಿನ ಪರದೆಯನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮ್ಯಾನೇಜರ್‌ಗೆ ಬರೆದು ಕಳಿಸಿದ್ದೇನೆ.