'ಆಸ್ಕ್', 'ಲರ್ನಿಂಗ್ಸ್' ಮತ್ತು ನಲವತ್ತು ಪುಟ

ತಿದ್ದಲು ಬಂದ ಇಂಗ್ಲಿಷ್ ವರದಿ ನಲವತ್ತು ಪುಟ, ಕೈಯಲ್ಲಿರುವುದು ಒಂದೇ ದಿನ. ಮೊದಲ ಪುಟದಲ್ಲೇ 'ಕೀ ಲರ್ನಿಂಗ್ಸ್', ಅದರ ಕೆಳಗೆ 'ಅವರ್ ಆಸ್ಕ್'. ಲೆಸನ್ಸ್, ರಿಕ್ವೆಸ್ಟ್ ಎಂಬ ಪದಗಳಿಗೆ ಏನು ಬಂದಿತ್ತೋ! ಮೈ ಉರಿದರೂ ತಕ್ಷಣ ಹೊಡೆದುಹಾಕುವಂತಿಲ್ಲ. ನಿಘಂಟು ತೆರೆದರೆ, 'ಆಸ್ಕ್' ಹಳೆಯ ಇಂಗ್ಲಿಷಿನ ಕಾಲಕ್ಕೇ ನಾಮಪದವಾಗಿಯೂ ಇತ್ತು. 'ಲಿಟರಲಿ'ಯನ್ನು ಅಕ್ಷರಶಃ ಅಲ್ಲದ್ದಕ್ಕೆ ಬಳಸಿದ ಉದಾಹರಣೆ 1769ರಷ್ಟು ಹಿಂದಿನದೇ ಸಿಗುತ್ತದೆ. 'ನೈಸ್' ಎಂದರೆ ಒಂದು ಕಾಲಕ್ಕೆ ದಡ್ಡ. 'ಇದು ಹೊಸದು, ಆದ್ದರಿಂದ ತಪ್ಪು' ಎಂದು ಹೊರಟರೆ ಬರೆದವರ ಎದುರು ಮುಖಭಂಗ ಖಂಡಿತ.

ನೋಡಬೇಕಾದ್ದು ಅರ್ಥ ಎಲ್ಲಿ ಸೋರಿದೆ ಎಂದು. 'ತಂಡ ರೀಚ್ ಔಟ್ ಮಾಡುತ್ತದೆ' ಎಂದರೆ ಫೋನೋ, ಮೇಲೋ, ಮುಖತಃ ಭೇಟಿಯೋ? 'ಸರ್ಕಲ್ ಬ್ಯಾಕ್', ಅಂದರೆ ಆ ವಿಷಯಕ್ಕೆ ಮತ್ತೆ ಬರುವುದು, ಯಾವಾಗ? ಯಾರು, ಏನನ್ನು, ಯಾವ ದಿನದೊಳಗೆ ಎಂದು ಬರೆದವರನ್ನೇ ಕೇಳಿ ತುಂಬಿಸಿದರೆ ಫ್ಯಾಷನ್ ಪದ ತಾನಾಗಿ ಜಾಗ ಖಾಲಿ ಮಾಡುತ್ತದೆ. 'ಇನ್ನು ಮುಂದೆ' ಎನ್ನಲು ಬಳಸುವ 'ಗೋಯಿಂಗ್ ಫಾರ್ವರ್ಡ್' ಸುಮ್ಮನೆ ಅಳಿಸಿ. ವಾಕ್ಯದಲ್ಲಿರುವ 'ವಿಲ್' ಆ ಕೆಲಸ ಮಾಡುತ್ತಲೇ ಇದೆ.

ನಿಜವಾಗಿ ಕೆಡಿಸುವುದು 'ರಿವರ್ಟ್'. ಮೇಲ್ ಬರೆಯುವವರಿಗೆ ಅದು 'ಉತ್ತರಿಸಿ', ಸಾಫ್ಟ್‌ವೇರ್‌ನವರಿಗೆ 'ಮಾಡಿದ್ದನ್ನು ರದ್ದುಮಾಡಿ ಹಳೆಯದಕ್ಕೆ ತನ್ನಿ'. 'ಬದಲಾವಣೆಗಳ ಬಗ್ಗೆ ರಿವರ್ಟ್ ಮಾಡಿ' ಎಂದರೆ ಇಡೀ ಕೆಲಸ ಅಳಿಸಿಹೋದೀತು. ಇಲ್ಲಿ 'ರಿಪ್ಲೈ' ಎನ್ನಲೇಬೇಕು. 'ಡಿಸ್‌ಇಂಟರೆಸ್ಟೆಡ್' ಕೂಡ ಹಾಗೆಯೇ: ಲೆಕ್ಕ ತಪಾಸಿಗರು ಸ್ವಾರ್ಥವಿಲ್ಲದವರು ಎನ್ನಲು ಹೋಗಿ, ಅವರಿಗೆ ಆಸಕ್ತಿಯೇ ಇಲ್ಲ ಎಂದಾಗಬಾರದು. ಈ ಎರಡು ಅರ್ಥಗಳೂ ಆ ಪದಕ್ಕೆ ಹಳೆಯವೇ, ಆದ್ದರಿಂದ 'ಇಂಪಾರ್ಷಿಯಲ್' ಕ್ಷೇಮ.

ಮಧ್ಯಾಹ್ನದ ಹೊತ್ತಿಗೆ ಬೇಸತ್ತು ಫೈಂಡ್-ರಿಪ್ಲೇಸ್ ಒತ್ತುವ ಆಸೆ ಹುಟ್ಟುತ್ತದೆ. 'ಇಂಪ್ಯಾಕ್ಟೆಡ್' ಇದ್ದಲ್ಲೆಲ್ಲ 'ಅಫೆಕ್ಟೆಡ್' ಮಾಡಿದರೆ, ಆರೋಗ್ಯ ವೆಚ್ಚದ ಪುಟದಲ್ಲಿರುವ 'ಇಂಪ್ಯಾಕ್ಟೆಡ್ ಟೂತ್' ಕೂಡ ಬದಲಾಗುತ್ತದೆ! ದವಡೆಯೊಳಗೆ ಸಿಕ್ಕಿಕೊಂಡು ಹೊರಬರಲಾರದ ಹಲ್ಲಿಗೆ ದಂತವೈದ್ಯರು ಹೇಳುವುದೇ ಹಾಗೆ. ಆ ಕ್ರಿಯಾಪದದ ಹಳೆಯ ಅರ್ಥವೂ 'ಒತ್ತಿ ತುಂಬು' ಎಂದೇ. ರಿಪ್ಲೇಸ್ ಆಲ್ ಬೇಡ. ಒಂದೊಂದನ್ನೇ ನೋಡಿ ಒತ್ತಿ.

ಕೊನೆಗೆ ಉಳಿಯುವುದು 'ಹೋಪ್‌ಫುಲಿ'. 'ಆಶಾಭಾವದಿಂದ' ಎಂಬ ಅರ್ಥದ ಈ ಪದವನ್ನು 'ಹೀಗಾಗಲಿ ಎಂದು ಆಶಿಸೋಣ' ಎನ್ನಲು ಬಳಸುವುದು ತಪ್ಪು ಎಂಬ ವಾದವಿತ್ತು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿಯೇ 2012ರಲ್ಲಿ ಆ ಬಳಕೆಗೆ ಒಪ್ಪಿಗೆ ಕೊಟ್ಟಿದೆ. ಹಲ್ಲು ಕಚ್ಚಿಕೊಂಡು ಬಿಟ್ಟುಬಿಡಿ. ಶೀರ್ಷಿಕೆಯ 'ಲರ್ನಿಂಗ್ಸ್' ಮಾತ್ರ ನಾನು ಬಿಡಲಾರೆ.